ಪರೀಕ್ಷೆಯ ಆಚೆಯ ಶಿಕ್ಷಣ: ಉಡುಪಿ ಪ್ರಾಂತದ ಒಂದು ನಿದರ್ಶನ

ಪ್ರೌಢಶಾಲೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ವಿದ್ಯಾರ್ಥಿಯು ಮುಂದಿನ ಬಾಳಿಗೆ ಸಿದ್ಧನಾದನೆನ್ನಬಹುದೆ? 1942ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಸ್ಥಾಪಿಸಿದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮೊದಲು ಕೈಗೊಂಡ ಕಾರ್ಯವೆಂದರೆ ಶಾಲೆ ಮುಗಿಸಿದ ತರುಣರಿಗೆ ವೃತ್ತಿಶಿಕ್ಷಣ. ಪದವಿ ಶಿಕ್ಷಣವು ಅದರ ಬಳಿಕ ಬಂದಿತು: ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು 1949ರಲ್ಲಿ, ಕಾರ್ಕಳದ ಶ್ರೀ ಭುವನೇಂದ್ರ ಕಾಲೇಜು 1960ರಲ್ಲಿ ಆರಂಭವಾದುವು. ಕಾಪು, ಕಾರ್ಕಳಗಳ ವಿದ್ಯಾರ್ಥಿಗಳಿಗೆ ಮಂಗಳೂರೇ ಗತಿಯೆಂಬ ಸ್ಥಿತಿ ಹೀಗೆ ತಪ್ಪಿತು. ಮೊದಲು ಕಸುಬು, ಅನಂತರ ಕಾಲೇಜು ಎಂಬ ಈ ಅನುಕ್ರಮವು ವಿಚಾರಾರ್ಹವಾದುದು. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯು ಶೇಕಡಾ 94ರ ಫಲಿತಾಂಶದೊಡನೆ ರಾಜ್ಯದಲ್ಲಿ ಪ್ರಥಮಸ್ಥಾನ ಗಳಿಸಿತು. ಈ ಸಾಧನೆಯನ್ನು ನಾವು ಗೌರವಿಸುತ್ತೇವೆ. ತೇರ್ಗಡೆಯಾದವರ ಕೈಗೆ ಯಾವ ಕೆಲಸ ಬಂದಿತೆಂಬ 1942ರ ಪ್ರಶ್ನೆಯನ್ನು ಮಾತ್ರ ಅಂಕಪಟ್ಟಿಯೊಡನೆ ಪ್ರತಿವರ್ಷವೂ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.