ಆಂಥೂರಿಯಂ ಕುಂಡಕ್ಕೆ ಎಂಥ ಮಣ್ಣು?

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದಲೋ ಬಡಾವಣೆಯ ನರ್ಸರಿಯಿಂದಲೋ ಕೊಂಡು ತಂದ ಆಂಥೂರಿಯಂ ಗಿಡ ಮೊದಲ ಒಂದೆರಡು ತಿಂಗಳು ಮನೆಗೆ ಕಳೆ ಕಟ್ಟುತ್ತದೆ. ಬಳಿಕ ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾಗುತ್ತವೆ, ಹೊಸ ಹೂ ನಿಲ್ಲುತ್ತದೆ, ಗಿಡ ಬಾಡಿದಂತೆ ಕಾಣುತ್ತದೆ. ಬಾಯಾರಿಕೆಯೆಂದು ಭಾವಿಸಿದ ಮನೆಯವರು ಇನ್ನೊಂದು ಚೊಂಬು ನೀರೆರೆಯುತ್ತಾರೆ. ಕೆಲವೇ ದಿನಗಳಲ್ಲಿ ಬುಡ ಕೊಳೆತು ಗಿಡ ಕೈಗೇ ಬರುತ್ತದೆ. ಇಂಥ ಸಾವಿನ ಮೂಲವನ್ನು ಹೆಚ್ಚಿನ ಸಂದರ್ಭಗಳಲ್ಲಿ ಹುಡುಕಬೇಕಾದದ್ದು ಕುಂಡದೊಳಗೆ ತುಂಬಿರುವ ಮಣ್ಣಿನಲ್ಲಿ.

ಆಂಥೂರಿಯಂ ಕೆಸುವಿನ ಕುಟುಂಬಕ್ಕೆ ಸೇರಿದ ಸಸ್ಯ. ಸುವರ್ಣಗಡ್ಡೆಯೂ ಮನಿ ಪ್ಲಾಂಟ್ ಕೂಡ ಇದರ ಬಂಧುಗಳೇ. ಆದರೆ ಕೆಸುವಿನಂತೆ ಇದು ಕೆಸರಿನಲ್ಲಿ ಬೆಳೆಯುವುದಿಲ್ಲ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಆಂಥೂರಿಯಂ ಆಂಡ್ರಿಯಾನಮ್ ಪ್ರಭೇದ ಮತ್ತು ಅದರ ಮಿಶ್ರತಳಿಗಳ ಮೂಲ ನೆಲೆ ದಕ್ಷಿಣ ಅಮೆರಿಕದ ಪಶ್ಚಿಮ ಕೊಲಂಬಿಯಾ ಮತ್ತು ಈಕ್ವೆಡಾರ್‌ನ ಮಳೆಕಾಡು. ಫ್ರೆಂಚ್ ಸಸ್ಯಶಾಸ್ತ್ರಜ್ಞ ಎದುವಾರ್ ಆಂದ್ರೆ 1876ರಲ್ಲಿ ಇದನ್ನು ಕೊಲಂಬಿಯಾದಲ್ಲಿ ಸಂಗ್ರಹಿಸಿದರು. ಪ್ರಭೇದದ ಹೆಸರು ಅವರದೇ. ಅಲ್ಲಿ ಇದು ಮರದ ಕೊಂಬೆ, ಕಾಂಡಗಳ ಮೇಲೆ ಸಿಕ್ಕಿಕೊಂಡ ತರಗೆಲೆ, ಪಾಚಿಗಳ ನಡುವೆ ಬೇರೂರುತ್ತದೆ. ಮಲೆನಾಡಿನ ಮರಗಳಲ್ಲಿ ಸೀತಾಳೆ ದಂಡೆ ನೇತಾಡುವುದನ್ನು ಕಂಡವರಿಗೆ ಈ ಬದುಕಿನ ಬಗೆ ಹೊಸದಲ್ಲ. ಆಂಥೂರಿಯಂನ ದಪ್ಪ ಬೇರುಗಳಿಗೂ ಆರ್ಕಿಡ್ ಬೇರಿನಂತೆ ಬೂರುಗಿನಂಥ ಮೃದು ಹೊದಿಕೆಯಿದೆ. ಮಳೆ ಬಿದ್ದಾಗ ಅದು ಥಟ್ಟನೆ ನೀರು ಹೀರಿಕೊಳ್ಳುತ್ತದೆ. ಮಳೆ ನಿಂತ ಮೇಲೆ ಸುತ್ತಲೂ ಗಾಳಿಯಾಡಬೇಕು. ಸದಾ ಒದ್ದೆಯಾದ, ಗಾಳಿಯಿಲ್ಲದ ಜಾಗದಲ್ಲಿ ಬೇರು ಉಸಿರುಗಟ್ಟಿ ಸಾಯುತ್ತದೆ. ಪಿಥಿಯಂ, ಫೈಟಾಫ್ತೊರಾದಂಥ ರೋಗಾಣುಗಳು ದಾಳಿಯಿಡುವುದು ಆನಂತರ. ಬೇರಿಲ್ಲದ ಗಿಡ ನೀರಿನ ನಡುವೆಯೇ ಬಾಡುತ್ತದೆ.

ಕೆಂಪು ಮಣ್ಣು ಸೋಲುವುದೇಕೆ?

ನರ್ಸರಿಗಳಲ್ಲಿ ಸಿಗುವ ಸಿದ್ಧ ಮಿಶ್ರಣದಲ್ಲಿ ಸಾಮಾನ್ಯವಾಗಿ ಇರುವುದು ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ. ಗುಲಾಬಿಗೂ ದಾಸವಾಳಕ್ಕೂ ಇದು ಒಳ್ಳೆಯದೇ. ಹೊಲದಲ್ಲಿ ಕೆಂಪು ಮಣ್ಣು ನೀರನ್ನು ಚೆನ್ನಾಗಿ ಬಸಿಯುತ್ತದೆ, ಏಕೆಂದರೆ ಕೆಳಗೆ ಆಳವಾದ ನೆಲವಿದ್ದು ನೀರನ್ನು ಎಳೆದುಕೊಳ್ಳುತ್ತದೆ. ಕುಂಡದಲ್ಲಿ ಮಣ್ಣಿನ ಆಳ ಒಂದು ಗೇಣು. ಅದರ ತಳಕ್ಕೆ ಬಂದ ನೀರು ಸಣ್ಣ ಕಣಗಳ ನಡುವೆ ಅಂಟಿಕೊಂಡು ನಿಲ್ಲುತ್ತದೆ. ತಳದಲ್ಲಿ ಎಷ್ಟು ತೂತುಗಳಿದ್ದರೂ ಪೂರ್ತಿ ಹೊರಬೀಳುವುದಿಲ್ಲ. ಕೆಲವು ತಿಂಗಳು ನೀರು ಹಾಯಿಸಿದ ಮೇಲಂತೂ ಜೇಡಿಯ ಕಣಗಳು ಕುಸಿದು ಮಣ್ಣು ಗಟ್ಟಿಯಾಗುತ್ತದೆ. ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ತಳಕ್ಕೆ ಜಲ್ಲಿಕಲ್ಲು ಹಾಸಿದರೆ ನೀರು ಸಲೀಸಾಗಿ ಬಸಿಯುತ್ತದೆಂಬ ನಂಬಿಕೆ ಮನೆಮನೆಯಲ್ಲೂ ಇದೆ. ಇದು ತಪ್ಪು. ನೀರು ಹೀರಿದ ಸ್ಪಂಜನ್ನು ಜಲ್ಲಿಯ ಮೇಲಿಟ್ಟರೆ ಅದು ತಾನಾಗಿ ಹಿಂಡಿಕೊಳ್ಳುವುದಿಲ್ಲ. ಅದರಂತೆಯೇ ಸಣ್ಣ ಕಣಗಳ ಮಣ್ಣು ತನ್ನಲ್ಲಿರುವ ನೀರನ್ನು ಕೆಳಗಿನ ದೊಡ್ಡ ಸಂದುಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಜಲ್ಲಿಯಿಂದಾಗುವುದು ಇಷ್ಟೇ: ತೊಪ್ಪೆಯಾಗಿ ನಿಲ್ಲುವ ಪದರ ಎರಡು ಅಂಗುಲ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಬಲೆಯ ತುಂಡು ಸಾಕು.

ಮಿಶ್ರಣದ ಲೆಕ್ಕ

ಹವಾಯಿ ದ್ವೀಪಗಳಿಗೆ ಆಂಥೂರಿಯಂ 1889ರಲ್ಲಿ ಬಂತು. ಅಲ್ಲಿನ ಬೆಳೆಗಾರರು ಜ್ವಾಲಾಮುಖಿಯ ಒರಟು ಕಿಟ್ಟವನ್ನೂ ಮರಜರೀಗಿಡದ ನಾರನ್ನೂ ಬಳಸಿ ಅದನ್ನು ದೊಡ್ಡ ಉದ್ಯಮವಾಗಿಸಿದರು. ಕರ್ನಾಟಕದ ಮನೆಗಳಲ್ಲಿ ಆ ಸ್ಥಾನವನ್ನು ತುಂಬಬಲ್ಲದ್ದು ತೆಂಗಿನ ಸಿಪ್ಪೆ. ಕೆಲವೆಡೆ ಇದನ್ನು ಮಟ್ಟೆ ಎನ್ನುತ್ತಾರೆ. ಅದನ್ನು ಅರ್ಧದಿಂದ ಒಂದು ಅಂಗುಲದ ತುಂಡುಗಳಾಗಿ ಕತ್ತರಿಸಿಕೊಳ್ಳಬೇಕು. ಅಂಥ ತುಂಡು ಎರಡು ಪಾಲು, ಇಟ್ಟಿಗೆ ಚೂರು ಮತ್ತು ಸೌದೆ ಇದ್ದಿಲು ಸೇರಿ ಒಂದು ಪಾಲು, ತೆಂಗಿನ ನಾರಿನ ಪುಡಿ ಅಂದರೆ ಕೋಕೋಪೀಟ್ ಒಂದು ಪಾಲು, ಎರೆಹುಳು ಗೊಬ್ಬರ ಅರ್ಧ ಪಾಲು. ಮಣ್ಣು ಬೇಕಿಲ್ಲ. ಇಟ್ಟಿಗೆ ಚೂರಿನಲ್ಲಿ ಸಿಮೆಂಟು, ಸುಣ್ಣದ ಗಾರೆ ಅಂಟಿರಬಾರದು. ಇದ್ದಿಲಿನ ಜೊತೆ ಬೂದಿಯೂ ಬೇಡ. ಇವೆರಡೂ ಕ್ಷಾರ ಗುಣ ಹೆಚ್ಚಿಸುತ್ತವೆ, ಆಂಥೂರಿಯಂಗೆ ಹಿತವಾದದ್ದು 5.5ರಿಂದ 6.5ರ ಪಿಎಚ್.

ತೆಂಗಿನ ಸಿಪ್ಪೆಯಲ್ಲೂ ನಾರಿನ ಪುಡಿಯಲ್ಲೂ ಪೊಟ್ಯಾಸಿಯಂ, ಸೋಡಿಯಂ ಲವಣಗಳು ಸಹಜವಾಗಿರುತ್ತವೆ. ಉಪ್ಪುನೀರಿನಲ್ಲಿ ನೆನೆಹಾಕಿ ಕೊಳೆಸಿದ ಸಿಪ್ಪೆಯಾದರೆ ಇನ್ನೂ ಹೆಚ್ಚು. ಆದ್ದರಿಂದ ಬಳಸುವ ಮುನ್ನ ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ, ಕಂದು ನೀರನ್ನು ಚೆಲ್ಲಿ, ಮತ್ತೆ ನೆನೆಸಬೇಕು. ಮೂರು ಬಾರಿಯಾದರೂ ಹೀಗೆ ಮಾಡಿದರೆ ನೀರಿನ ಬಣ್ಣ ತಿಳಿಯಾಗುತ್ತದೆ. ಬೇಸರದ ಕೆಲಸವಾದರೂ ಬಿಡುವಂತಿಲ್ಲ. ಇನ್ನು ಕೋಕೋಪೀಟನ್ನೇ ಕುಂಡದ ತುಂಬ ತುಂಬುವ ಅಭ್ಯಾಸ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಿದೆ. 650 ಗ್ರಾಂ ಇಟ್ಟಿಗೆಯೊಂದು ನೀರು ಕುಡಿದು ಎಂಟು ಲೀಟರಿನಷ್ಟು ಉಬ್ಬುವುದನ್ನು ನೋಡಿದರೆ ಅದು ಎಷ್ಟು ನೀರನ್ನು ಹಿಡಿದಿಡುತ್ತದೆಂಬುದು ತಿಳಿಯುತ್ತದೆ. ಈ ಗಿಡಕ್ಕೆ ಒಂದು ಪಾಲಿಗಿಂತ ಹೆಚ್ಚು ಅದು ಬೇಡ.

ಮಿಶ್ರಣದಲ್ಲಿ ಗಾಳಿಗೆ ಎಷ್ಟು ಜಾಗವಿದೆಯೆಂದು ಮನೆಯಲ್ಲೇ ಅಳೆಯಬಹುದು. ಕುಂಡದ ತೂತುಗಳನ್ನು ಟೇಪಿನಿಂದ ಮುಚ್ಚಿ, ಮೊದಲೇ ಒದ್ದೆ ಮಾಡಿಕೊಂಡ ಮಿಶ್ರಣ ತುಂಬಿ, ಮೇಲ್ಮೈವರೆಗೆ ನಿಧಾನವಾಗಿ ನೀರು ತುಂಬಿಸಬೇಕು. ಕೆಳಗೆ ಬೇಸಿನ್ ಇಟ್ಟು ಟೇಪು ಕಿತ್ತಾಗ ಸುರಿದ ನೀರಿನ ಅಳತೆಯೇ ಗಾಳಿಯ ಜಾಗದ ಅಳತೆ. ನಾಲ್ಕು ಲೀಟರಿನ ಕುಂಡದಿಂದ ಒಂದು ಲೀಟರು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಿಶ್ರಣ ಸರಿಯಾಗಿದೆ. ಕಾಲು ಲೀಟರಷ್ಟೇ ಬಂದರೆ ಸಿಪ್ಪೆ, ಇಟ್ಟಿಗೆ ಚೂರುಗಳನ್ನು ಹೆಚ್ಚಿಸಬೇಕು.

ನೀರು, ಉಪ್ಪು, ಚಹಾ ಚರಟ

ಮಿಶ್ರಣ ಎಷ್ಟೇ ಚೆನ್ನಾಗಿದ್ದರೂ ಎರೆಯುವ ನೀರು ಅದನ್ನು ನಿಧಾನವಾಗಿ ಬದಲಿಸುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟು ಪಿಎಚ್ ಏರಿಸುತ್ತದೆ. ಆಗ ಕಬ್ಬಿಣದ ಅಂಶ ಕುಂಡದಲ್ಲಿದ್ದರೂ ಗಿಡಕ್ಕೆ ಸಿಗದೆ, ಹೊಸ ಎಲೆಗಳ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಗಟ್ಟುತ್ತದೆ. ಎಲೆಯ ತುದಿ ಸುಟ್ಟಂತಾಗುವುದು, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುವುದು ಲವಣ ಸೇರಿಕೊಂಡಿರುವುದರ ಗುರುತು. ನೀರು ಶುದ್ಧೀಕರಿಸುವ ಆರ್‌ಒ ಯಂತ್ರದಿಂದ ಹೊರಬರುವ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಗಳಿಗೆ ಹಾಕುವವರಿದ್ದಾರೆ. ಆ ನೀರಿನಲ್ಲಿ ಲವಣ ಮೂಲ ನೀರಿಗಿಂತ ಹೆಚ್ಚು ಸಾಂದ್ರವಾಗಿರುತ್ತದೆ. ನೆಲ ಒರೆಸಲು ಅದು ಸರಿ, ಆಂಥೂರಿಯಂಗೆ ಅಲ್ಲ. ಮಳೆನೀರು ಸಿಕ್ಕರೆ ಅದೇ ಶ್ರೇಷ್ಠ. ಯಾವ ನೀರೇ ಆದರೂ ತಿಂಗಳಿಗೊಮ್ಮೆ ಕುಂಡದ ಗಾತ್ರದ ಎರಡು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿ, ಲವಣ ತೊಳೆದುಹೋಗುವಂತೆ ಮಾಡಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಕೂಡಲೇ ಚೆಲ್ಲಬೇಕು.

ಹಾಲು, ಸಕ್ಕರೆ ಬೆರೆತ ಚಹಾ ಚರಟ, ಅಕ್ಕಿ ತೊಳೆದ ನೀರು, ಹಸಿ ಸಗಣಿಯ ಬಗ್ಗಡ ಇವನ್ನು ಕುಂಡಕ್ಕೆ ಸುರಿಯುವುದು ಮಿತವ್ಯಯವೆನಿಸಬಹುದು. ಕೋಣೆಯೊಳಗಿನ ಕುಂಡದಲ್ಲಿ ಇವು ಕೊಳೆತು ಸಂದುಗಳನ್ನು ಮುಚ್ಚುತ್ತವೆ, ಸಣ್ಣ ಕಪ್ಪು ನೊಣಗಳನ್ನು ಕರೆಯುತ್ತವೆ. ನೀರಿನಲ್ಲಿ ಕರಗುವ ಗೊಬ್ಬರವನ್ನು ಪೊಟ್ಟಣದ ಮೇಲೆ ಸೂಚಿಸಿರುವ ಪ್ರಮಾಣದ ಕಾಲುಭಾಗಕ್ಕೆ ಇಳಿಸಿ ಹದಿನೈದು ದಿನಕ್ಕೊಮ್ಮೆ ಕೊಡುವುದು ಸುರಕ್ಷಿತ.

ಒಂದೇ ಮಿಶ್ರಣ ಎಲ್ಲ ಊರಿಗೂ ಹೊಂದುವುದಿಲ್ಲ. ಮಂಗಳೂರು, ಮಡಿಕೇರಿಗಳ ಮಳೆಗಾಲದ ತೇವದಲ್ಲಿ ಕೋಕೋಪೀಟನ್ನು ಅರ್ಧಕ್ಕಿಳಿಸಿ ಮಣ್ಣಿನ ಕುಂಡ ಬಳಸುವುದು ಮೇಲು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಕುಂಡ ತೇವವನ್ನು ಉಳಿಸುತ್ತದೆ. ಅಲ್ಲಿ ಸಿಪ್ಪೆಯ ತುಂಡುಗಳೂ ಕೊಂಚ ಸಣ್ಣದಾಗಿರಲಿ. ಬೆಂಗಳೂರು, ಮೈಸೂರುಗಳಿಗೆ ಮೇಲಿನ ಲೆಕ್ಕವೇ ಹೊಂದುತ್ತದೆ. ನೀರೆರೆಯುವ ದಿನವನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬಾರದು. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸಿ, ಒಳಗೆ ಇನ್ನೂ ತಂಪಾದ ತೇವವಿದ್ದರೆ ಮರುದಿನ ನೋಡಿದರಾಯಿತು.

ಬದಲಿಸುವ ಹೊತ್ತು

ಸಿಪ್ಪೆ, ನಾರು ಎರಡೂ ಕಾಲಕ್ರಮೇಣ ಕೊಳೆತು ಪುಡಿಯಾಗುತ್ತವೆ. ಸುಮಾರು ಎರಡು ವರ್ಷಕ್ಕೆ ಮಿಶ್ರಣ ಒಂದೆರಡು ಅಂಗುಲ ಕುಸಿದಿರುತ್ತದೆ, ನೀರು ಮೊದಲಿನಷ್ಟು ಬೇಗ ಇಳಿಯುವುದಿಲ್ಲ. ಬೇಸಿಗೆಯ ಕೊನೆ, ಮಳೆಗಾಲದ ಆರಂಭ ಮರುನಾಟಿಗೆ ಸೂಕ್ತ. ಗಿಡವನ್ನು ಬಿಡಿಸಿ, ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದ ಕತ್ತರಿಯಿಂದ ತೆಗೆಯಬೇಕು. ಬೆಳ್ಳಗೆ, ಗಟ್ಟಿಯಾಗಿರುವುದು ಜೀವಂತ ಬೇರು. ಹೊಸ ಕುಂಡ ಹಳೆಯದಕ್ಕಿಂತ ಎರಡು ಅಂಗುಲ ಅಗಲವಿದ್ದರೆ ಸಾಕು. ತೀರ ದೊಡ್ಡ ಕುಂಡದಲ್ಲಿ ಬೇರಿಲ್ಲದ ಜಾಗ ಒದ್ದೆಯಾಗಿಯೇ ಉಳಿಯುತ್ತದೆ. ಗಿಡ ಸತ್ತ ಕುಂಡದ ಮಿಶ್ರಣವನ್ನು ಇನ್ನೊಂದಕ್ಕೆ ಬಳಸಬಾರದು. ಹವಾಯಿಯ ಬೆಳೆಗಾರರು 1980ರ ದಶಕದಲ್ಲಿ ಬ್ಯಾಕ್ಟೀರಿಯಾದ ಅಂಗಮಾರಿಯಿಂದ ಅಪಾರ ನಷ್ಟ ಅನುಭವಿಸಿದ್ದರು. ಆ ರೋಗಾಣು ಹರಡುವ ದಾರಿಗಳಲ್ಲಿ ಸೋಂಕಿದ ಕತ್ತರಿ, ಚಾಕುಗಳೂ ಸೇರಿದ್ದವು.

ಕೆಸುವಿನಂತೆ ಆಂಥೂರಿಯಂನ ರಸದಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿದ್ದು, ತುರಿಕೆ ತರುತ್ತವೆ. ಮರುನಾಟಿಯ ವೇಳೆ ಕೈಗವಸು ಧರಿಸುವುದು, ಕತ್ತರಿಸಿದ ಚೂರುಗಳನ್ನು ಮಕ್ಕಳು, ಸಾಕುಪ್ರಾಣಿಗಳ ಕೈಗೆ ಬಾಯಿಗೆ ಸಿಗದಂತೆ ವಿಲೇವಾರಿ ಮಾಡುವುದು ಅಗತ್ಯ. ನೆಟ್ಟ ಗಿಡವನ್ನು ಮೂರು ವಾರ ನೇರ ಬಿಸಿಲು ತಾಗದ ಬೆಳಕಿನಲ್ಲಿಡಬೇಕು. ಅಷ್ಟು ದಿನ ಗೊಬ್ಬರ ಬೇಡ. ಸುರುಳಿ ಸುತ್ತಿದ ಹೊಸ ಎಲೆಯೊಂದು ಕೆಂಪು ಛಾಯೆಯಲ್ಲಿ ಮೂಡಿದರೆ ಬೇರು ಹಿಡಿದಿದೆ ಎಂದು ತಿಳಿಯಬಹುದು.