ಹಿರಿಯರ ಕಾಲು ಬಾವು: ‘ವಯಸ್ಸಾಯ್ತು’ ಅಂತ ಬಿಡಬೇಡಿ, ಮೊದಲು ಇದನ್ನು ನೋಡಿ

ಬೆಳಗ್ಗೆ ಸರಿಯಾಗಿ ಕೂರುವ ಚಪ್ಪಲಿ ಸಂಜೆ ಹೊತ್ತಿಗೆ ಬಿಗಿಯಾಗುತ್ತೆ. ಕಾಲುಚೀಲ ತೆಗೆದರೆ ಅದರ ಗೆರೆ ಹಾಗೇ ಉಳಿದಿರುತ್ತೆ. ವಯಸ್ಸಾದವರಿರುವ ಎಷ್ಟೋ ಮನೆಗಳಲ್ಲಿ ಇದು ಮಾಮೂಲಿ. ‘ವಯಸ್ಸಾಯ್ತಲ್ಲ, ಇದ್ದದ್ದೇ’ ಅಂತ ಮನೆಯವರೂ ಸುಮ್ಮನಾಗ್ತಾರೆ. ಆದರೆ ಬಾವಿನ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ. ಕೆಲವು ಸಲ ಅದು ಕಾಲು ಮೇಲಿಟ್ಟು ಕೂತರೆ ಇಳಿಯುವಂಥದ್ದು, ಕೆಲವು ಸಲ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದಂಥದ್ದು.

ಬಾವು ಬರುವುದು ಹೇಗೆ?

ಕಾಲಿಗೆ ಇಳಿದ ರಕ್ತವನ್ನು ಮತ್ತೆ ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು. ನಡೆದಾಗಲೆಲ್ಲ ಅದು ಪಂಪಿನಂತೆ ಕೆಲಸ ಮಾಡುತ್ತದೆ. ರಕ್ತನಾಳದ ಒಳಗಿರುವ ಸಣ್ಣ ಕವಾಟಗಳು ರಕ್ತ ಕೆಳಗೆ ವಾಪಸ್ ಬರದಂತೆ ತಡೆಯುತ್ತವೆ. ವಯಸ್ಸಾದಂತೆ ಕವಾಟ ಸಡಿಲವಾಗುತ್ತೆ, ನಡಿಗೆಯೂ ಕಡಿಮೆಯಾಗುತ್ತೆ. ಆಗ ನೀರಿನಂಶ ಪಾದದ ಗಂಟಿನ ಸುತ್ತ ಸೇರಿಕೊಳ್ಳುತ್ತದೆ. ದಿನವಿಡೀ ಗಲ್ಲಾದ ಮುಂದೆ ಕಾಲು ಇಳಿಬಿಟ್ಟು ಕೂರುವ ಅಂಗಡಿಯವರು, ಹೊಲಿಗೆ ಮಷಿನ್ ಮುಂದೆ ಕೂರುವವರು, ಹೋಟೆಲಿನಲ್ಲಿ ನಿಂತೇ ಕೆಲಸ ಮಾಡುವವರಿಗೆ ಇದು ಬೇಗ ಕಾಣಿಸುತ್ತದೆ.

ಹೃದಯ, ಕಿಡ್ನಿ, ಲಿವರ್ ತೊಂದರೆ, ಥೈರಾಯ್ಡ್, ರಕ್ತಹೀನತೆ ಇದ್ದರೂ ಕಾಲು ಊದುತ್ತದೆ. ಪಾದದ ಗಂಟಿನ ಸ್ವಲ್ಪ ಮೇಲೆ, ಮೂಳೆಯ ಮೇಲೆ ಹೆಬ್ಬೆರಳಿನಿಂದ 5ರಿಂದ 10 ಸೆಕೆಂಡ್ ಒತ್ತಿ ಬಿಡಿ. ಗುಳಿ ಬಿದ್ದು ಹಾಗೇ ಉಳಿದರೆ ಅಲ್ಲಿ ನೀರು ತುಂಬಿದೆ ಎಂದರ್ಥ.

ಒಂದು ಕಾಲೋ, ಎರಡೂ ಕಾಲೋ?

ಇದು ಮೊದಲು ನೋಡಬೇಕಾದ ವಿಷಯ. ಎರಡೂ ಕಾಲು ನಿಧಾನವಾಗಿ ಊದಿ, ರಾತ್ರಿ ಮಲಗಿ ಎದ್ದಾಗ ಇಳಿದಿದ್ದರೆ ಗಾಬರಿ ಬೇಡ, ಎರಡು-ಮೂರು ದಿನದಲ್ಲಿ ವೈದ್ಯರಿಗೆ ತೋರಿಸಿದರೆ ಸಾಕು. ಬೆಳಗ್ಗೆ ಕಣ್ಣಿನ ಸುತ್ತಲೂ ಊದಿಕೊಂಡಿದ್ದರೆ, ಮೂತ್ರದಲ್ಲಿ ತುಂಬಾ ನೊರೆ ಬರುತ್ತಿದ್ದರೆ ಕಿಡ್ನಿ ಪರೀಕ್ಷೆ ಬೇಕು.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಲೇಬೇಡಿ. ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಆಪರೇಷನ್ ಆದವರು, ಬಹಳ ದಿನ ಹಾಸಿಗೆ ಹಿಡಿದವರು ಹೆಚ್ಚು ಎಚ್ಚರ ವಹಿಸಬೇಕು. ಕಾಲು ಕೆಂಪಾಗಿ ಜ್ವರ ಬಂದರೆ ಚರ್ಮದ ಸೋಂಕು ಇರಬಹುದು. ಇವೆರಡಕ್ಕೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಉಸಿರು ಕಟ್ಟುವುದು, ಎದೆನೋವು, ಮಲಗಿದರೆ ಉಬ್ಬಸ ಬಂದು ಎದ್ದು ಕೂರುವುದು, ಕೆಮ್ಮಿದಾಗ ರಕ್ತ – ಇವುಗಳಲ್ಲಿ ಯಾವುದೊಂದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.

ಮಾತ್ರೆಯಿಂದಲೂ ಬರುತ್ತೆ

ಬಿಪಿಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದ ಕೆಲವರಿಗೆ ಕಾಲು ಊದುತ್ತದೆ. ಡೋಸ್ ಹೆಚ್ಚಾದಷ್ಟೂ ಇದು ಹೆಚ್ಚು. ಹಾಗಂತ ಮಾತ್ರೆ ನೀವೇ ನಿಲ್ಲಿಸಬಾರದು, ಬಿಪಿ ಏರಿ ಪಾರ್ಶ್ವವಾಯು ಆಗಬಹುದು. ವೈದ್ಯರಿಗೆ ಹೇಳಿದರೆ ಡೋಸ್ ಇಳಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆ ಬರೆಯುತ್ತಾರೆ.

ಮೊಣಕಾಲು ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೈಯಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡುತ್ತವೆ. ಕಿಡ್ನಿಗೂ ಪೆಟ್ಟು. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಅಭ್ಯಾಸ ಬಿಡಬೇಕು. ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್, ನರದ ನೋವಿಗೆ ಕೊಡುವ ಪ್ರಿಗಾಬಲಿನ್, ಸ್ಟೀರಾಯ್ಡ್ ಮಾತ್ರೆಗಳಿಂದಲೂ ಬಾವು ಬರುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

* ದಿನಕ್ಕೆ 3–4 ಸಲ, ಅರ್ಧ ಗಂಟೆ ಮಲಗಿ ಕಾಲಿನ ಕೆಳಗೆ ದಿಂಬಿಟ್ಟು ಎದೆಯ ಮಟ್ಟಕ್ಕಿಂತ ಮೇಲಿಡಿ. ಮಲಗಿದರೆ ಉಸಿರು ಕಟ್ಟುವವರು ಇದನ್ನು ಮಾಡಬಾರದು.
* ಅಂಗಡಿಯಲ್ಲಿ ಕೂತಿದ್ದರೆ ಕಾಲ ಕೆಳಗೆ ಒಂದು ಸ್ಟೂಲ್ ಇಟ್ಟುಕೊಳ್ಳಿ. ಅರ್ಧ ಗಂಟೆಗೊಮ್ಮೆ ಪಾದ ಮೇಲೆ-ಕೆಳಗೆ ಆಡಿಸಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.
* ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ದಾಟಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರದ ಉಪ್ಪೂ ಇದೇ ಲೆಕ್ಕದಲ್ಲಿ ಬರುತ್ತದೆ.
* ಊದಿದ ಚರ್ಮ ಬೇಗ ಬಿರಿಯುತ್ತೆ. ಸ್ನಾನವಾದ ಮೇಲೆ ಬೆರಳ ಸಂದು ಒರೆಸಿ, ಒಣಗಿದ ಜಾಗಕ್ಕೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ.
* ಹೃದಯದ ತೊಂದರೆ ಇರುವವರು ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ವೈದ್ಯರಿಗೆ ತಿಳಿಸಿ.

ಇವು ಬೇಡ

ಪಕ್ಕದ ಮನೆಯವರಿಗೆ ಬರೆದುಕೊಟ್ಟ ‘ನೀರಿಳಿಸುವ ಮಾತ್ರೆ’ ತಂದು ನುಂಗಬೇಡಿ. ಮೈಯ ಲವಣಾಂಶ ಏರುಪೇರಾಗಿ ತಲೆಸುತ್ತಿ ಬೀಳಬಹುದು. ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿದಿರುವವರು ಬಿಸಿ ನೀರಿನಲ್ಲಿ ಕಾಲಿಡಬಾರದು, ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಕಿಡ್ನಿ ತೊಂದರೆ ಇರುವವರಿಗೆ ಎಳನೀರು ಮತ್ತು ‘ಲೋ ಸೋಡಿಯಂ’ ಉಪ್ಪು, ಎರಡರಲ್ಲೂ ಇರುವ ಪೊಟ್ಯಾಸಿಯಂ ಅಪಾಯ. ಬಿಗಿ ಸ್ಟಾಕಿಂಗ್ಸ್ ಅನ್ನು ಕಾಲಿನ ರಕ್ತ ಸಂಚಾರ ಪರೀಕ್ಷಿಸಿದ ಮೇಲಷ್ಟೇ ಹಾಕಬೇಕು.

ಆಸ್ಪತ್ರೆಗೆ ಹೋಗುವಾಗ

ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಚೀಲಕ್ಕೆ ಹಾಕಿ ಒಯ್ಯಿರಿ, ನಾಟಿ ಔಷಧಿ ಇದ್ದರೆ ಅದನ್ನೂ. ಬಾವು ಯಾವತ್ತು ಶುರುವಾಯ್ತು, ಬೆಳಗ್ಗೆ ಇಳಿಯುತ್ತಾ, ಒಂದು ಕಾಲಾ ಎರಡಾ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಬಿಪಿ, ಸಕ್ಕರೆ, ರಕ್ತದ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಇಸಿಜಿ – ಸಾಮಾನ್ಯವಾಗಿ ಮೊದಲು ಮಾಡಿಸುವ ಪರೀಕ್ಷೆಗಳು ಇವು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಅಲ್ಲಿ ಆಗದ್ದಕ್ಕೆ ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ಫೋನಿನಲ್ಲೇ ಸಲಹೆ ಬೇಕಿದ್ದರೆ ಆರೋಗ್ಯ ಸಹಾಯವಾಣಿ 104 ಇದೆ.

ವಯಸ್ಸಾದವರು ‘ಏನೂ ಇಲ್ಲ ಬಿಡಪ್ಪಾ’ ಅಂದುಬಿಡುತ್ತಾರೆ. ಹಾಗಾಗಿ ಇವತ್ತು ಸಂಜೆ ಮನೆಗೆ ಹೋದಾಗ ಅವರ ಪಾದ ಒಮ್ಮೆ ನೀವೇ ಮುಟ್ಟಿ ನೋಡಿ.