ಕಾಕ್ರನ್ ಗ್ಯಾಂಬಿಟ್‌ನ ಎದುರಾಳಿ

1848ರ ಕಲ್ಕತ್ತೆ. ಬಿಳಿ ಕಾಯಿಗಳ ಹಿಂದೆ ಸ್ಕಾಟ್ಲೆಂಡ್ ಮೂಲದ ಬ್ಯಾರಿಸ್ಟರ್ ಜಾನ್ ಕಾಕ್ರನ್. ಎದುರಿಗೆ ಬಂಗಾಳದ ಬ್ರಾಹ್ಮಣ ಮಹೇಶಚಂದ್ರ ಬ್ಯಾನರ್ಜಿ. ಮೊದಲ ಮೂರು ನಡೆ ಪೆಟ್ರಾಫ್ ಡಿಫೆನ್ಸಿನ ಮಾಮೂಲು ದಾರಿ: ಬಿಳಿ ಕುದುರೆ ಇ5ರ ಕಾಲಾಳನ್ನು ತಿಂದಿದೆ, ಡಿ6ಕ್ಕೆ ಬಂದ ಕಪ್ಪು ಕಾಲಾಳು ಅದನ್ನು ಹೆದರಿಸಿದೆ. ಬೇರೆ ಯಾರಾದರೂ ಕುದುರೆಯನ್ನು ಹಿಂದಕ್ಕೆ ಕರೆಯುತ್ತಿದ್ದರು. ಕಾಕ್ರನ್ ಅದನ್ನು ನೇರ ಎಫ್7ಕ್ಕೆ ಹಾರಿಸಿದ! ರಾಣಿಗೂ ಆನೆಗೂ ಒಟ್ಟಿಗೇ ಕುತ್ತು. ರಾಜನೇ ಬಂದು ಕುದುರೆಯನ್ನು ತಿನ್ನಬೇಕಾಯಿತು. ಎರಡು ಕಾಲಾಳಿಗೆ ಒಂದು ಕುದುರೆ, ಲೆಕ್ಕದಲ್ಲಿ ನಷ್ಟವೇ. ಆದರೆ ಕಪ್ಪು ರಾಜ ಬಯಲಿಗೆ ಬಿದ್ದ, ಕ್ಯಾಸಲಿಂಗ್ ಹಕ್ಕು ಹೋಯಿತು. ಕಾಕ್ರನ್ ಗೆದ್ದ. ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ನಡೆಯಲು ಇನ್ನೂ ಮೂರು ವರ್ಷವಿತ್ತು. 1999ರ ಲಿನಾರೆಸ್ ಟೂರ್ನಿಯಲ್ಲಿ ಟೊಪಲೋವ್ ಇದೇ ಗ್ಯಾಂಬಿಟನ್ನು ಕ್ರಾಮ್ನಿಕ್ ಎದುರು ಆಡಿದರು. ಆಟ ಡ್ರಾ ಆಯಿತು.

ನನಗೆ ಹೆಚ್ಚು ಕುತೂಹಲ ಸೋತವರ ಬಗ್ಗೆ. 1850ರಲ್ಲಿ ಲಂಡನ್ನಿನ ಚೆಸ್ ಪತ್ರಿಕೆಯೊಂದರಲ್ಲಿ ಅಚ್ಚಾದ ಕಲ್ಕತ್ತೆಯ ಪತ್ರದ ಪ್ರಕಾರ, ಎಂದೂ ಸೋಲದ ಬ್ರಾಹ್ಮಣನೊಬ್ಬ ಹಳ್ಳಿಗಾಡಿನಲ್ಲಿದ್ದಾನೆಂದು ಕೇಳಿ ಕ್ಲಬ್ಬಿನ ಸದಸ್ಯರೊಬ್ಬರು ಮಹೇಶಚಂದ್ರರನ್ನು ಹುಡುಕಿ ನಗರಕ್ಕೆ ಕರೆತಂದರು. ಅವರು ಆಡಿ ಬೆಳೆದದ್ದು ದೇಸಿ ಚದುರಂಗ. ಅದರಲ್ಲಿ ಕಾಲಾಳಿಗೆ ಸಾಮಾನ್ಯವಾಗಿ ಮೊದಲ ನಡೆಯಲ್ಲೂ ಒಂದೇ ಮನೆ. (ಅದೇ ಕಾಲಕ್ಕೆ ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅರವತ್ನಾಲ್ಕು ಮನೆಗಳ ಮೇಲೆ ಕುದುರೆ ಓಡಿಸುವ ಬಂಧಗಳನ್ನು ಕಟ್ಟುತ್ತಿದ್ದರು.) ನಡುಮನೆಗಳಿಗೆ ನುಗ್ಗದೆ, ಜಿ6ಕ್ಕೆ ಕಾಲಾಳು ಸರಿಸಿ, ಜಿ7ರಲ್ಲಿ ಒಂಟೆಯನ್ನು ಕೂರಿಸಿ ದೂರದಿಂದ ಹೊಂಚುವ ಮಹೇಶಚಂದ್ರರ ಅಭ್ಯಾಸ ಅಲ್ಲಿಂದಲೇ ಬಂದಿರಬೇಕೆಂದು ನನ್ನ ಊಹೆ. ಇಂಥ ಆಟಕ್ಕೆ ಮುಂದೆ 'ಇಂಡಿಯನ್ ಡಿಫೆನ್ಸ್' ಎಂಬ ಹೆಸರು ಬಂತು. ಗೆದ್ದವರ ಗ್ಯಾಂಬಿಟಿಗೆ ವ್ಯಕ್ತಿಯ ಹೆಸರು, ಇವರದಕ್ಕೆ ದೇಶದ ಹೆಸರು!

ಇಬ್ಬರೂ ನೂರಾರು ಆಟ ಆಡಿದರು. 1855ರ ಒಂದು ಆಟದಲ್ಲಿ ಮಹೇಶಚಂದ್ರರು ಜಿ6ರ ಬೆನ್ನಿಗೇ ಡಿ5ಕ್ಕೆ ಕಾಲಾಳು ನುಗ್ಗಿಸಿದರು. ಆ ದಿನವೂ ಕಾಕ್ರನ್ನನದೇ ಗೆಲುವು. ಕೊನೆಗೆ ರಾಣಿಯನ್ನೇ ಬಲಿಕೊಟ್ಟು ಕುದುರೆಯಿಂದ ಮಾತು ಮಾಡುವ ಹಾದಿ ಅವನಿಗೆ ತೆರೆದಿತ್ತು. ಆದರೆ ಮಹೇಶಚಂದ್ರರ ಓಪನಿಂಗ್ ಸೋಲಲಿಲ್ಲ. 1922ರಲ್ಲಿ ವಿಯೆನ್ನಾದಲ್ಲಿ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಅದೇ ಉಪಾಯದಿಂದ ಅಲೆಖೈನರನ್ನು ಸೋಲಿಸಿದರು, ಓಪನಿಂಗಿಗೆ ಅವರ ಹೆಸರೇ ನಿಂತಿತು. ಮಹೇಶಚಂದ್ರರನ್ನು ಇಂಗ್ಲಿಷ್ ದಾಖಲೆಗಳು 'ಮೊಹಿಷಂಡರ್' ಎಂದೂ ಬರೆದುಕೊಂಡಿವೆ. ಆಫೀಸಿನ ಇಮೇಲುಗಳಲ್ಲಿ ನಮ್ಮ ಹೆಸರುಗಳಿಗೆ ಆಗುವಂತೆ.